ಸಹಾಯ ಬೇಕು: ಗ್ರೌಂಡ್ ಟೆಸ್ಟಲ್ಲಿ ಮೇನ್ ಪ್ಯಾರಾಚೂಟ್ ಪೂರ್ತಿ ಹೊರಗೆ ಬರ್ತಿಲ್ಲ

ಎಲ್ರಿಗೂ ನಮಸ್ಕಾರ, ನಂದು 4 ಇಂಚಿನ ಫೈಬರ್‌ಗ್ಲಾಸ್ ಹವ್ಯಾಸಿ ರಾಕೆಟ್, ಡ್ಯುಯಲ್ ಡಿಪ್ಲಾಯ್, ಅಂದ್ರೆ ಎರಡು ಸಲ ಪ್ಯಾರಾಚೂಟ್ ಬಿಚ್ಕೊಳ್ಳತ್ತೆ: ಹಾರಿ ತುತ್ತತುದಿ ಎತ್ತರ ಮುಟ್ಟಿದಾಗ ಡ್ರೋಗ್ (ಚಿಕ್ಕದು), ಇಳೀತಾ 200 ಮೀಟರ್‌ಗೆ ಬಂದಾಗ ಮೇನ್ (ದೊಡ್ಡದು) ಬಿಚ್ಕೋಬೇಕು. ಗಾಳಿ ಒತ್ತಡದಿಂದ ಎತ್ತರ ಅಳೆದು ಇವನ್ನ ಬಿಚ್ಚಿಸೋ ಆಲ್ಟಿಮೀಟರ್ ಚಿಂತೆ ಇಲ್ಲ, ಗಾಜಿನ ಡಬ್ಬೀಲಿಟ್ಟು ಗಾಳಿ ಎಳೆದು ಇಗ್ನೈಟರ್ (ಮದ್ದಿಗೆ ಕಿಡಿ ಕೊಡೋದು) ಬದಲು ಸಣ್ಣ ಬಲ್ಬ್ ಹಾಕಿ ನೋಡಿದೀನಿ, ಡ್ರೋಗ್ ಮೇನ್ ಎರಡರ ಬಲ್ಬೂ ಸರಿಯಾಗಿ ಹತ್ಕೊಂಡ್ವು. ತಲೆನೋವಿರೋದು ಗ್ರೌಂಡ್ ಟೆಸ್ಟಲ್ಲಿ. ಮೋಟರ್ ತೆಗೆದು ರಾಕೆಟ್ ಅಡ್ಡ ಮಲಗಿಸಿ ದೂರದಿಂದ ಚಾರ್ಜ್ (ಪ್ಯಾರಾಚೂಟ್ ಹೊರಗೆ ಹಾಕೋ ಬ್ಲ್ಯಾಕ್ ಪೌಡರ್ ಮದ್ದು) ಹೊಡೆದ್ರೆ ನೋಸ್ ಕೋನ್ ಹಿಡಿದಿರೋ ಶಿಯರ್ ಪಿನ್ ಕಟ್ಟಾಗತ್ತೆ, ನೋಸ್ ಕೋನೂ (ಚೂಪು ಮೂತಿ) ಹಾರತ್ತೆ, ಆದ್ರೆ ಪ್ಯಾರಾಚೂಟ್ ಮಾತ್ರ ಬೆಂಕಿ ತಡೆಯೋ ನೋಮೆಕ್ಸ್ ಬಟ್ಟೆ ಸುತ್ಕೊಂಡು ಹಟ ಹಿಡಿದ ಮಗು ಥರ ಟ್ಯೂಬಲ್ಲೇ ಅರ್ಧ ಕೂತಿರತ್ತೆ. ಬ್ಲ್ಯಾಕ್ ಪೌಡರ್ ಜಾಸ್ತಿ ಮಾಡಿದ್ರೆ ಶಾಕ್ ಕಾರ್ಡ್ (ಭಾಗಗಳನ್ನ ಜೋಡಿಸಿರೋ ಹಗ್ಗ) ಜಗ್ಗಿ ಅದನ್ನ ಕಟ್ಟಿರೋ ಬಲ್ಕ್‌ಹೆಡ್ಡೇ (ಟ್ಯೂಬ್ ಒಳಗಿನ ಅಡ್ಡ ತಟ್ಟೆ) ಕಿತ್ತು ಬರತ್ತೇನೋ ಅಂತ ಭಯ, ಪ್ಯಾಕಿಂಗ್ ಬದಲಾಯಿಸೋದೇ ವಾಸಿ ಅನ್ಸತ್ತೆ. ಚಾರ್ಜನ್ನ ಪ್ಯಾರಾಚೂಟ್ ಹಿಂದೆ ಇಟ್ಟು ತಳ್ಳೋ ಥರ ಮಾಡ್ಲಾ, ಇಲ್ಲ ಮೇನನ್ನ ಎಳೆದು ತರೋ ಪುಟ್ಟ ಪೈಲಟ್ ಚೂಟ್ ಜೊತೆ ಡಿಪ್ಲಾಯ್‌ಮೆಂಟ್ ಬ್ಯಾಗ್ (ಮೇನ್ ಮಡಚಿಡೋ ಚೀಲ) ಹಾಕ್ಲಾ? ಮಾಡಿ ನೋಡಿದೋರು ಯಾರಾದ್ರೂ ಇದ್ರೆ ಹೇಳಿ, ಮಡಚೋ ರೀತಿ ಫೋಟೋ ಇದ್ರೆ ಹಾಕಿ.