ಅಪ್ಪನ ಕ್ಯಾಸೆಟ್ ಪೆಟ್ಟಿಗೆ: ಟೇಪ್ ರೆಕಾರ್ಡರ್ ರಿಪೇರಿ ಮಾಡಿಸಲಾ, ಕಂಪ್ಯೂಟರ್‌ಗೆ ಹಾಕಿಸಲಾ?

ಕೇಳಿದವರು, ತುಮಕೂರು: ಅಟ್ಟದ ಮೇಲೆ ಅಪ್ಪನ ಕ್ಯಾಸೆಟ್ ಪೆಟ್ಟಿಗೆ ಸಿಕ್ಕಿದೆ. ಎಲ್ಲಾ ತೊಂಬತ್ತರ ದಶಕದ್ದು. ಸಿನಿಮಾ ಹಾಡು, ಭಾವಗೀತೆ, ಜೊತೆಗೆ ನಮ್ಮೂರಲ್ಲಿ ಆಡಿದ ಕುರುಕ್ಷೇತ್ರ ನಾಟಕದ ರೆಕಾರ್ಡಿಂಗ್. ಟೇಪ್ ರೆಕಾರ್ಡರ್ ಓಡುತ್ತಿಲ್ಲ. ಏನು ಮಾಡಲಿ? ಅನುಭವ ಇದ್ದವರು ಹೇಳಿ.

ಗುಬ್ಬಿ ಗೇಟ್: ರಿಪೇರಿ ಕಥೆ ನನ್ನನ್ನು ಕೇಳಿ. ನಮ್ಮ ಎರಡು ಕ್ಯಾಸೆಟ್ ಹಾಕುವ ಡಬಲ್ ಡೆಕ್ ಟೇಪ್ ರೆಕಾರ್ಡರ್ ಬಿಚ್ಚಿದರೆ ಒಳಗೆ ಬೆಲ್ಟ್ ಕರಗಿ ಡಾಂಬರಿನ ಹಾಗೆ ಅಂಟಿಕೊಂಡಿತ್ತು. ಬೆರಳಿಗೆ ಹತ್ತಿದ್ದು ಸೋಪು ಹಾಕಿ ಉಜ್ಜಿದರೂ ಹೋಗಲಿಲ್ಲ. ಇಲ್ಲಿ ಬೆಲ್ಟ್ ಸಿಗಲಿಲ್ಲ ಅಂತ ಬೆಂಗಳೂರು ಎಸ್‌ಪಿ ರೋಡಿಗೆ ಹೋದೆ. ಬೆಲ್ಟ್ 80 ರೂಪಾಯಿ, ಟೇಪ್ ಎಳೆಯುವ ರಬ್ಬರ್ ಚಕ್ರ (ಪಿಂಚ್ ರೋಲರ್) 250, ಮೆಕ್ಯಾನಿಕ್ ಕೂಲಿ 900, ಬಸ್ ಚಾರ್ಜು, ಊಟ ಬೇರೆ. ಸ್ವಲ್ಪ ದಿನಕ್ಕೆ ಮೋಟರ್ ಹೋಯಿತು, ಅದಕ್ಕೆ ಮತ್ತೆ 650. ಈ ದುಡ್ಡಲ್ಲಿ ಮಿಕ್ಸಿ ಬರುತ್ತಿತ್ತು ಅಂತ ಹೆಂಡತಿ ಈಗಲೂ ಹೇಳುತ್ತಾಳೆ. ಹೇಳಲಿ ಬಿಡಿ. ಪ್ಲೇ ಬಟನ್ ಒತ್ತಿದಾಗ ಬರುವ ಆ ಟಕ್ ಸದ್ದು ಮೊಬೈಲಲ್ಲಿ ಬರುತ್ತಾ?

ಚಿಂತಾಮಣಿಯವ: ಟಕ್ ಸದ್ದಿಗೆ ಎರಡು ಸಾವಿರ! ನಾನು ಇಡೀ ಚೀಲ ಗುಜರಿಗೆ ಹಾಕಿದೆ, 40 ರೂಪಾಯಿ ಕೊಟ್ಟ. ನಿದ್ದೆ ಚೆನ್ನಾಗೇ ಬರುತ್ತಿದೆ. ಹಾಡೆಲ್ಲಾ ಯೂಟ್ಯೂಬಲ್ಲಿ ಇವೆ.

ಮಧುಗಿರಿ ಮಗಳು: ಊರ ನಾಟಕ ಯೂಟ್ಯೂಬಲ್ಲಿ ಇದೆಯಾ ಸ್ವಾಮಿ? ನಮ್ಮಪ್ಪ ದುರ್ಯೋಧನನ ಪಾರ್ಟು ಮಾಡಿದವರು. ಆ ಕ್ಯಾಸೆಟ್ಟನ್ನು ಒಂದು ಕಡೆ ಫೈಲ್ ಮಾಡಲು ಕೊಟ್ಟೆ, ಕ್ಯಾಸೆಟ್ಟಿಗೆ 300, ದುಡ್ಡು ಮೊದಲೇ. ಬಂದಿದ್ದು ಒಂದೇ ಫೈಲು, ಬಿ ಸೈಡ್ ಇಲ್ಲವೇ ಇಲ್ಲ. ಅಪ್ಪನ ಕಂದಪದ್ಯ ಇದ್ದದ್ದೇ ಬಿ ಸೈಡಲ್ಲಿ! ಕೇಳಿದರೆ ಖಾಲಿ ಇತ್ತಂತೆ. ಸಿ-90 ಅಂದರೆ ಒಂದೊಂದು ಸೈಡೂ 45 ನಿಮಿಷ, ಓಡಿಸಿಕೊಂಡೇ ಕೂರಬೇಕು, ಅಷ್ಟು ಹೊತ್ತು ಯಾರು ಕೂರುತ್ತಾರೆ? ಕೊನೆಗೆ ನಾನೇ ಕೂತೆ. ಹಳೇ ಪ್ಲೇಯರು, ಕೇಬಲ್, ಕಂಪ್ಯೂಟರಲ್ಲಿ ರೆಕಾರ್ಡ್ ಮಾಡುವ ಆಡಾಸಿಟಿ ಸಾಫ್ಟ್‌ವೇರ್ ಪುಕ್ಕಟೆ. ಟೇಪಿನ ಹಿಂದೆ ಇರುವ ಸಣ್ಣ ಸ್ಪಂಜು ಉದುರಿಹೋಗಿತ್ತು. ಸ್ಕ್ರೂ ಬಿಚ್ಚಿ, ಸುರುಳಿ ಎತ್ತಿ, ಇನ್ನೊಂದು ಕ್ಯಾಸೆಟ್ಟಿನ ಚಿಪ್ಪಿಗೆ ಹಾಕಿದೆ. ಕೈ ನಡುಗುತ್ತಿತ್ತು.

ಕೋಲಾರದವ: ತುಮಕೂರಿನವರಿಗೆ ಕುರುಕ್ಷೇತ್ರ ಬಿಟ್ಟರೆ ಬೇರೆ ಪ್ರಪಂಚ ಇಲ್ಲ. ನಾವು ಖಾಲಿ ಕ್ಯಾಸೆಟ್ ಕೊಟ್ಟು, ಹಾಡಿನ ಪಟ್ಟಿ ಬರೆದುಕೊಟ್ಟು ಅಂಗಡಿಯಲ್ಲಿ ತುಂಬಿಸುತ್ತಿದ್ದೆವು. ಎ ಸೈಡ್ ಕನ್ನಡ, ಬಿ ಸೈಡ್ ತೆಲುಗು. ಕೆಜಿಎಫ್ ಫ್ರೆಂಡ್ಸ್ ಇದ್ದರೆ ನಡುವೆ ಎರಡು ತಮಿಳು. 1994ರಲ್ಲಿ ಉದಯ ಟಿವಿ ಬಂತು, ಆ ಮಜಾ ಹೋಯಿತು.

ಚಿಂತಾಮಣಿಯವ: ಟಿವಿಯಿಂದ ಅಲ್ಲ. ಎಂಪಿ3 ಸಿಡಿ ಬಂದು ಹೋಗಿದ್ದು. ಒಂದೇ ಸಿಡಿಯಲ್ಲಿ ನೂರು ಹಾಡು ಸಿಕ್ಕರೆ ಕ್ಯಾಸೆಟ್ ಯಾರು ತಗೊಳ್ಳುತ್ತಾರೆ?

ಮಧುಗಿರಿ ಮಗಳು: ಕೋಲಾರದವರೇ, ಗುಬ್ಬಿ ವೀರಣ್ಣನವರ ಜಿಲ್ಲೆ ಇದು. ನಾಟಕದ ವಿಷಯಕ್ಕೆ ಬರಬೇಡಿ.

ಗುಬ್ಬಿ ಗೇಟ್: ಅಂಗಡಿಯಲ್ಲಿ ತುಂಬಿಸಿದ್ದು ಕಳ್ಳ ಕ್ಯಾಸೆಟ್. ನಿಮ್ಮಂಥವರಿಂದಲೇ ಆಡಿಯೊ ಕಂಪನಿಗಳು ಮುಳುಗಿದ್ದು. ನಾನು ಒರಿಜಿನಲ್ ಬಿಟ್ಟು ಬೇರೆ ಮುಟ್ಟಿದವನಲ್ಲ.

ಕೋಲಾರದವ: ಹೌದಾ? ಒರಿಜಿನಲ್ ಕೇಳುವವರಿಗೆ ಡಬಲ್ ಡೆಕ್ ಯಾಕೆ ಬೇಕಿತ್ತು ಸಾರ್? ಎರಡನೇ ಬಾಗಿಲು ಕಾಪಿ ಮಾಡೋಕಲ್ಲದೆ ಸುಮ್ನೆ ಚೆಂದಕ್ಕಾ?

ಚಿಂತಾಮಣಿಯವ: 😂😂

ಮಧುಗಿರಿ ಮಗಳು: ಕೇಳಿದವರೇ, ಇವರ ಜಗಳ ಮುಗಿಯಲ್ಲ. ನಾಟಕದ ಕ್ಯಾಸೆಟ್ಟಿನ ಮೇಲಂಚಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ತುಂಡು ಇರುತ್ತವಲ್ಲ, ಮೊದಲು ಅವೆರಡನ್ನೂ ಮುರಿದುಬಿಡಿ. ಆಮೇಲೆ ಯಾರು ರೆಕಾರ್ಡ್ ಬಟನ್ ಒತ್ತಿದರೂ ಅಳಿಸಿಹೋಗಲ್ಲ. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಓಡಿಸಲೇಬೇಡಿ, ಪ್ಲೇಯರಿನೊಳಗೆ ಟೇಪ್ ಓದುವ ಹೆಡ್ಡಿಗೂ ಹತ್ತುತ್ತದೆ.

ಗುಬ್ಬಿ ಗೇಟ್: ಡೆಕ್ ನಮ್ಮಣ್ಣ ತಂದಿದ್ದು. ಬಿಲ್ ಬೇಕಾದರೂ ತೋರಿಸುತ್ತೇನೆ.