ಪ್ರಶ್ನೋತ್ತರ: ಇಮೇಲ್ ಸರ್ವರ್ ತಂತ್ರಾಂಶವಾದ ಪೋಸ್ಟ್‌ಫಿಕ್ಸ್ ಅನ್ನು ಸೋರ್ಸ್ ಕೋಡ್‌ನಿಂದ ಕಂಪೈಲ್ ಮಾಡುವಾಗ (ಓಡಿಸಬಲ್ಲ ಪ್ರೋಗ್ರಾಂ ಆಗಿಸುವಾಗ) ಬರುವ ದೋಷಗಳು

ಪೀಣ್ಯದ ಸದಸ್ಯ: ನಮಸ್ಕಾರ ಮೇಡಂ. ಉಬುಂಟುವಿನಲ್ಲಿ ಪೋಸ್ಟ್‌ಫಿಕ್ಸ್ ಕಂಪೈಲ್ ಮಾಡಲು ಹೊರಟರೆ ಡಿಬಿ.ಎಚ್ ಹೆಡರ್ (ಲೈಬ್ರರಿಯ ಫಂಕ್ಷನ್‌ಗಳನ್ನು ಕಂಪೈಲರ್‌ಗೆ ತಿಳಿಸುವ ಫೈಲ್) ಸಿಗಲಿಲ್ಲವೆಂದು ನಿಲ್ಲುತ್ತದೆ.

ನಿರ್ವಾಹಕಿ: ನಮಸ್ಕಾರ. ಆ ಹೆಡರ್ ಇರುವ ಲಿಬ್‌ಡಿಬಿ-ಡೆವ್ ಪ್ಯಾಕೇಜ್ ಹಾಕಿಕೊಂಡು, ಹಿಂದಿನ ಕಂಪೈಲ್‌ನ ಫೈಲ್‌ಗಳನ್ನು ಅಳಿಸಲು ‘ಮೇಕ್ ಟೈಡಿ’ ಕೊಟ್ಟು, ಮೊದಲಿನಿಂದ ಕಂಪೈಲ್ ಮಾಡಿ.

ಮಲ್ಲೇಶ್ವರದ ಸದಸ್ಯೆ: ನಮ್ಮ ಕಚೇರಿಯ ಉಬುಂಟು ಸರ್ವರ್‌ನಲ್ಲಿ ಪೋಸ್ಟ್‌ಫಿಕ್ಸ್ 3.5 ಕಂಪೈಲ್ ಆಗುತ್ತದೆ, ಆದರೆ ಕಂಪೈಲ್ ಆದ ಭಾಗಗಳನ್ನು ಲೈಬ್ರರಿಗಳೊಂದಿಗೆ ಜೋಡಿಸುವ ಲಿಂಕರ್ ‘ಎಸ್‌ಎಸ್‌ಎಲ್_ಲೈಬ್ರರಿ_ಇನಿಟ್’ ಸಿಗುತ್ತಿಲ್ಲ ಎನ್ನುತ್ತದೆ. ಗೂಢಲಿಪೀಕರಣದ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನ ಡೆವ್ ಪ್ಯಾಕೇಜ್ ಹಾಕಿದ್ದೇನೆ.

ನಿರ್ವಾಹಕಿ: ಇದು ನನಗೆ ಆತಂಕ ತಂದಿದೆ, ಏಕೆಂದರೆ ಆ ಸರ್ವರ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಎರಡು ಆವೃತ್ತಿಗಳು ಇರುವಂತೆ ಕಾಣುತ್ತದೆ. ನೀವು ಹೇಳಿದ ಹೆಸರು ಅದರ ಆವೃತ್ತಿ 1.0.2ರವರೆಗೆ ಲೈಬ್ರರಿಯೊಳಗಿನ ಫಂಕ್ಷನ್ ಆಗಿತ್ತು; 2016ರ ಆಗಸ್ಟ್‌ನಲ್ಲಿ ಬಂದ 1.1.0ರಲ್ಲಿ ಅದು ಹೆಡರ್‌ನ ಮ್ಯಾಕ್ರೋ (ಕಂಪೈಲ್ ವೇಳೆ ಬೇರೆ ಕೋಡ್ ಆಗಿ ಬದಲಾಗುವ ಹೆಸರು) ಮಾತ್ರವಾಗಿ ಉಳಿಯಿತು. ಕಂಪೈಲರ್ ಹಳೆಯ ಹೆಡರ್ ಓದಿ ಆ ಹೆಸರನ್ನು ಆಬ್ಜೆಕ್ಟ್ ಫೈಲ್‌ನಲ್ಲಿ (ಕಂಪೈಲ್ ಆದ ಭಾಗದಲ್ಲಿ) ಬರೆದಿಟ್ಟಿದೆ, ಲಿಂಕರ್ ಅದನ್ನು ಹೊಸ ಲೈಬ್ರರಿಯಲ್ಲಿ ಹುಡುಕಿ ಸೋತಿದೆ. ಹಿಂದೆ ಯಾರೋ ಕಂಪೈಲ್ ಮಾಡಿ ಹಾಕಿದ 1.0.2ರ ಹೆಡರ್‌ಗಳು /ಯುಎಸ್‌ಆರ್/ಲೋಕಲ್/ಇನ್‌ಕ್ಲೂಡ್‌ನಲ್ಲಿ ಉಳಿದಿವೆಯೇ ನೋಡಿ. ಕಂಪೈಲರ್ ಆದ ಜಿಸಿಸಿ /ಯುಎಸ್‌ಆರ್/ಇನ್‌ಕ್ಲೂಡ್‌ಗಿಂತ ಮೊದಲು ಅಲ್ಲಿಯೇ ಹುಡುಕುತ್ತದೆ. 1.0.2ರ ಸಾರ್ವಜನಿಕ ಬೆಂಬಲ 2019ರ ಕೊನೆಗೇ ಮುಗಿದಿದೆ. ಬೇರೆ ಯಾವ ತಂತ್ರಾಂಶವೂ ಅದನ್ನು ನೆಚ್ಚಿಕೊಂಡಿಲ್ಲವೆಂದು ಖಚಿತಪಡಿಸಿಕೊಂಡು ತೆಗೆದುಹಾಕಿ. ಅನಂತರ ‘ಮೇಕ್ ಟೈಡಿ’ ಕೊಟ್ಟು, ಹೆಡರ್‌ಗಳ ಜಾಗ ಹೇಳುವ ಸಿಸಿಆರ್ಗ್ಸ್ ಮತ್ತು ಲೈಬ್ರರಿಗಳ ಜಾಗ ಹೇಳುವ ಆಕ್ಸ್‌ಲಿಬ್ಸ್ ಎರಡೂ ಒಂದೇ ಆವೃತ್ತಿಯನ್ನು ತೋರಿಸುವಂತೆ ‘ಮೇಕ್ ಮೇಕ್‌ಫೈಲ್ಸ್’ ಕೊಡಿ. ಟೈಡಿ ಬಿಟ್ಟರೆ ಹಳೆಯ ಆಬ್ಜೆಕ್ಟ್ ಫೈಲ್‌ಗಳೇ ಮತ್ತೆ ಬಳಕೆಯಾಗುತ್ತವೆ.

ವಿಜಯನಗರದ ಸದಸ್ಯ: ಇನ್ನೊಂದು ಗುಂಪಿನಿಂದ ಬಂದದ್ದು: ಹೊಸ ಲೈಬ್ರರಿಗೆ ಹಳೆಯ ಹೆಸರಿನಲ್ಲಿ ಸಿಮ್‌ಲಿಂಕ್ (ಬೇರೊಂದು ಫೈಲ್‌ನತ್ತ ತೋರಿಸುವ ಹೆಸರು) ಕೊಟ್ಟರೆ ಇಂಥ ದೋಷಗಳೆಲ್ಲ ಹೋಗುತ್ತವಂತೆ.

ನಿರ್ವಾಹಕಿ: ಯಾರೂ ಹಾಗೆ ಮಾಡಬೇಡಿ. ಹೆಸರು ಬದಲಿಸಿದರೆ ಲೈಬ್ರರಿಯ ಒಳರಚನೆ ಬದಲಾಗುವುದಿಲ್ಲ. ಲಿಂಕ್ ಆದರೂ ಟಿಎಲ್‌ಎಸ್ (ಗೂಢಲಿಪೀಕೃತ) ಸಂಪರ್ಕದ ನಡುವೆ ಪ್ರೋಗ್ರಾಂ ಕುಸಿದು, ಅಂಚೆ ಸರದಿಯಲ್ಲೇ ನಿಲ್ಲಬಹುದು. ಪರೀಕ್ಷಿಸದ ಪರಿಹಾರಗಳನ್ನು ಇಲ್ಲಿಗೆ ತರಬೇಡಿರೆಂದು ಹಿಂದೆಯೂ ಕೇಳಿಕೊಂಡಿದ್ದೆ.

ಜಯನಗರದ ಸದಸ್ಯ: ಉಬುಂಟುವಿನ ಸಿದ್ಧ ಪ್ಯಾಕೇಜ್ ಇರುವಾಗ ಇಷ್ಟೆಲ್ಲ ಏಕೆ? ಭದ್ರತಾ ತಿದ್ದುಪಡಿಗಳೂ ತಾವಾಗಿಯೇ ಬರುತ್ತವೆ.

ವಿಜಯನಗರದ ಸದಸ್ಯ: ಸ್ವಂತ ಪ್ಯಾಚ್ (ಕೋಡ್‌ನ ತಿದ್ದುಪಡಿ) ಸೇರಿಸಬೇಕಾದವರಿಗೆ ಅದು ಸಾಲದು.

ಜಯನಗರದ ಸದಸ್ಯ: ಸಿಮ್‌ಲಿಂಕ್ ಕೊಟ್ಟು ಸರ್ವರ್ ನಡೆಸುವವರು ಪ್ಯಾಚ್‌ನ ಮಾತಾಡಬಾರದು.

ವಿಜಯನಗರದ ಸದಸ್ಯ: ನಾನು ಬಂದದ್ದನ್ನು ತಿಳಿಸಿದೆ, ಅಷ್ಟೇ. ನಿಮ್ಮನ್ನು ಯಾರೂ ಕೇಳಲಿಲ್ಲ.

ಯಲಹಂಕದ ಸದಸ್ಯೆ: ಇನ್ನೊಂದು ಇಮೇಲ್ ಸರ್ವರ್ ಆದ ಎಕ್ಸಿಮ್ ಕಂಪೈಲ್ ಮಾಡುವಾಗ ಲೋಕಲ್/ಮೇಕ್‌ಫೈಲ್ ಇಲ್ಲವೆಂದು ಬರುತ್ತಿದೆ. ಯಾರಾದರೂ ನೋಡುವಿರಾ?

ಕೆಂಗೇರಿಯ ಸದಸ್ಯ: ಮೇಡಂ, ಡಿಬಿ.ಎಚ್ ಸಿಗುತ್ತಿಲ್ಲ.

ನಿರ್ವಾಹಕಿ: ಮೊದಲ ಉತ್ತರ ಓದಿ.

ಮಲ್ಲೇಶ್ವರದ ಸದಸ್ಯೆ: ಹಳೆಯ ಹೆಡರ್‌ಗಳು ನೀವು ಹೇಳಿದಲ್ಲಿಯೇ ಇದ್ದವು. ತೆಗೆದ ಮೇಲೆ ಲಿಂಕ್ ಆಯಿತು.

ನಿರ್ವಾಹಕಿ: ಸಂತೋಷ. ಪೋಸ್ಟ್‌ಫಿಕ್ಸ್‌ನಲ್ಲಿ ಅಂಚೆ ಸ್ವೀಕರಿಸುವ ಪ್ರೋಗ್ರಾಂ ಆದ ಎಸ್‌ಎಂಟಿಪಿಡಿ ಮೇಲೆ, ಬಳಸುವ ಲೈಬ್ರರಿಗಳನ್ನು ತೋರಿಸುವ ‘ಎಲ್‌ಡಿಡಿ’ ಓಡಿಸಿ, ಅದು ಯಾವ ಲಿಬ್‌ಎಸ್‌ಎಸ್‌ಎಲ್ ತೋರಿಸುತ್ತದೆಂದು ನೋಡಿದ ಮೇಲೆಯೇ ಇನ್‌ಸ್ಟಾಲ್ ಮಾಡಿ.