ಸಹಾಯ ಬೇಕು: ಚಳಿಗಾಲದ ಟೈರ್‌ಗೆ 15 ಇಂಚಿನ ರಿಮ್ ಕೂರುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಮನೆ ಕಾರಿನಲ್ಲಿ ಈಗಿರುವ ಟೈರ್ 225/45 ಆರ್17 (ಅಗಲ 225 ಮಿ.ಮೀ., ಸೈಡ್‌ವಾಲ್ ಅಂದರೆ ಟೈರಿನ ಪಕ್ಕದ ಎತ್ತರ ಅಗಲದ ಶೇ. 45, ರಿಮ್ 17 ಇಂಚು). ಹಿಮದ ತಿಂಗಳುಗಳಿಗೆ ಬೇರೆ ಸ್ಟೀಲ್ ರಿಮ್ ಮೇಲೆ 195/65 ಆರ್15 ಹಾಕಿಸಬೇಕೆಂದಿದ್ದೇನೆ. ಎರಡರ ಹೊರವ್ಯಾಸವೂ ಸುಮಾರು 634 ಮಿ.ಮೀ., ಸ್ಪೀಡೋಮೀಟರ್ ಕೆಡುವುದಿಲ್ಲ. ಸೈಡ್‌ವಾಲ್ 101ರಿಂದ 127 ಮಿ.ಮೀ.ಗೆ ಏರುವುದರಿಂದ ಗುಂಡಿಗೆ ಬಿದ್ದರೆ ರಿಮ್ ಬಾಗುವ ಭಯವೂ ಕಡಿಮೆ.

ತಲೆನೋವು ಬ್ರೇಕಿನದು: ಚಿಕ್ಕ ರಿಮ್ ಅದಕ್ಕೆ ತಗಲೀತೇ ಎಂದು. ಮುಂದಿನ ಡಿಸ್ಕ್ 288 ಮಿ.ಮೀ., ಹಾಕಬೇಕೆಂದಿರುವ ರಿಮ್ 6ಜೆ (6 ಇಂಚು ಅಗಲ), 5×112 (112 ಮಿ.ಮೀ. ವೃತ್ತದಲ್ಲಿ 5 ಬೋಲ್ಟ್), ಇಟಿ43 (ಹಬ್‌ಗೆ ಕೂರುವ ಮೈ ರಿಮ್‌ನ ನಡುಗೆರೆಯಿಂದ 43 ಮಿ.ಮೀ. ಹೊರಕ್ಕೆ), ನಡುರಂಧ್ರ 57.1 ಮಿ.ಮೀ. ಕ್ಯಾಲಿಪರ್‌ಗೂ (ಪ್ಯಾಡ್‌ಗಳಿಂದ ಡಿಸ್ಕ್ ಅದುಮುವ ಬ್ರೇಕ್ ಭಾಗ) ರಿಮ್‌ನ ಒಳಮೈಗೂ ನಿಮ್ಮಲ್ಲಿ ಎಷ್ಟು ಸಂದು ಉಳಿದಿದೆ? ಹೊಸ ಪ್ಯಾಡ್ ಹಾಕಿದಾಗ ಕ್ಯಾಲಿಪರ್ ಹೊರಕ್ಕೆ ಸರಿದು ಸಂದು ಕಿರಿದಾಗುತ್ತದೆ. ಸವೆದ ಪ್ಯಾಡ್ ಇದ್ದಾಗ ಅಳೆದ ಲೆಕ್ಕ ನಂಬುವಂತಿಲ್ಲ. ಸ್ಪೇಸರ್ (ರಿಮ್ ಹೊರಕ್ಕೆ ಸರಿಸಲು ಹಬ್‌ಗೂ ರಿಮ್‌ಗೂ ನಡುವೆ ಇಡುವ ಬಿಲ್ಲೆ) ಸಲಹೆ ದಯವಿಟ್ಟು ಬೇಡ.

ಇನ್ನೊಂದು: ಸ್ಟೀಲ್ ರಿಮ್‌ಗೆ ಅಲಾಯ್‌ನ ಬೋಲ್ಟ್‌ಗಳೇ ನಡೆಯುತ್ತವೆಯೇ, ಉದ್ದ ಬದಲಾಗುತ್ತದೆಯೇ? ಅಳೆದು ನೋಡಿದವರು ತಿಳಿಸಿ.